ಹೊರಡುವ ಮುನ್ನ: ಕೊತ್ತತ್ತಿಯಿಂದ ಯಾಂಗ್‌ಝೌಗೆ

ಅರ್ಜಿಯ ನಮೂನೆಯಲ್ಲಿ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಇವನ್ನೆಲ್ಲ ತುಂಬುವುದು ಕಷ್ಟವಾಗಲಿಲ್ಲ. ಊರಿನ ಎದುರು ‘ಕೊತ್ತತ್ತಿ, ಮಂಡ್ಯ ತಾಲ್ಲೂಕು’ ಎಂದು ಬರೆದೆ. ಅದರ ಕೆಳಗಿನ ಸಾಲು ‘ಮಾತೃಭಾಷೆ’. ಅಲ್ಲಿ ಲೇಖನಿ ನಿಂತಿತು.

ನಿಲ್ಲಲು ಕಾರಣವಿತ್ತು. ಅರ್ಜಿ ಚೀನಾದೇಶದ ಯಾಂಗ್‌ಝೌ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಇಂಗ್ಲಿಷ್ ಬೋಧಿಸುವ ಹುದ್ದೆಗೆ ಸಂಬಂಧಿಸಿದುದು. ಆ ದೇಶದಲ್ಲಿ ವಿದೇಶೀಯರಿಗೆ ಉದ್ಯೋಗದ ಪರವಾನಗಿ ಕೊಡುವ ನಿಯಮದಂತೆ ಭಾಷಾಬೋಧಕನು ತತ್ತ್ವತಃ ತನ್ನ ಮಾತೃಭಾಷೆಯನ್ನೇ ಬೋಧಿಸಬೇಕು. ಆ ಭಾಷೆ ಮಾತೃಭಾಷೆಯಾಗಿರುವ ದೇಶದಲ್ಲಿಯೇ ಪದವಿ ಪಡೆದಿರಬೇಕು. ಎರಡು ವರ್ಷದ ಬೋಧನಾನುಭವ ಇರಬೇಕು. ಇಂಗ್ಲಿಷಿನ ಮಟ್ಟಿಗೆ ರೂಢಿಯಲ್ಲಿ ಇದರ ಅರ್ಥ ಏಳು ದೇಶಗಳು: ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಮೂರನೆಯ ಷರತ್ತನ್ನು ನಾನು ಎಂಟು ಪಟ್ಟು ಪೂರೈಸಿದ್ದೇನೆ. ಮೊದಲಿನ ಎರಡನ್ನು ಈ ಜನ್ಮದಲ್ಲಿ ಪೂರೈಸಲಾರೆ. ಇಂಥ ಅರ್ಜಿಗಳನ್ನು ಸಿದ್ಧಪಡಿಸಿಕೊಡುವ ಮಧ್ಯವರ್ತಿಯೊಬ್ಬರು ಬೆಂಗಳೂರಿನಿಂದ ಫೋನಿನಲ್ಲಿ, “ಇಂಗ್ಲಿಷ್ ಅಂತ ಬರೀರಿ ಸಾರ್, ಯಾರು ನಿಮ್ಮ ಮನೆಗೆ ಬಂದು ಕೇಳ್ತಾರೆ?” ಎಂದರು. ಅವರ ಧ್ವನಿಯಲ್ಲಿ ಕಪಟವೇನೂ ಇರಲಿಲ್ಲ. ಫೋಟೋ ಹಿಂದಿನ ಬಣ್ಣ ಬಿಳಿಯಾಗಿರಲಿ ಎಂದು ಹೇಳಿದ ಧ್ವನಿಯಲ್ಲೇ ಇದನ್ನೂ ಹೇಳಿದರು.

ನಮೂನೆಯನ್ನು ಮೂರು ದಿನ ಹಾಗೆಯೇ ಬಿಟ್ಟೆ. ಆ ಮೂರು ದಿನಗಳಲ್ಲಿ ಬೇರೆ ಕಾಗದಗಳ ಕೆಲಸ ಇತ್ತು. ಪದವಿಪತ್ರಗಳಿಗೆ ಮೊದಲು ರಾಜ್ಯದ ಇಲಾಖೆಯ ಮುದ್ರೆ, ಅನಂತರ ದೆಹಲಿಯ ವಿದೇಶಾಂಗ ಮಂತ್ರಾಲಯದ ಮುದ್ರೆ ಬೀಳಬೇಕು. 2023ರ ನವೆಂಬರ್‌ನಲ್ಲಿ ಚೀನಾ ‘ಅಪೊಸ್ಟೀಲ್’ ಒಪ್ಪಂದದೊಳಕ್ಕೆ ಬಂದರೂ ಭಾರತದ ಕಾಗದಗಳಿಗೆ ರಾಯಭಾರ ಕಚೇರಿಯ ಮತ್ತೊಂದು ಸುತ್ತು ತಪ್ಪಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯೂ ಕೈಯಲ್ಲಿರಲಿ ಎಂದು ಊರಿಗೆ ಹೋಗಿ, ನಡುಮನೆಯ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಇಳಿಸಿದೆ. ನನ್ನ ಅಂಕಪಟ್ಟಿಯ ಕೆಳಗೆ, ಪಹಣಿಯ ಹಳೆಯ ಪ್ರತಿಗಳ ನಡುವೆ, ನಾಲ್ಕು ಮಡಿಕೆಯಾಗಿದ್ದ ಇನ್ನೊಂದು ಅಂಕಪಟ್ಟಿ ಸಿಕ್ಕಿತು. ಅದು ನನ್ನ ತಂದೆಯದು. ಕನ್ನಡ 61. ಗಣಿತ 48. ಸಮಾಜಶಾಸ್ತ್ರ 55. ಇಂಗ್ಲಿಷ್ 21.

ಅವರು ಎಸ್ಸೆಸ್ಸೆಲ್ಸಿ ಫೇಲಾಗಿದ್ದರೆಂಬುದು ನನಗೆ ಗೊತ್ತಿತ್ತು. ಯಾವ ವಿಷಯದಲ್ಲಿ ಎಂಬುದು ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮಗ ಇಂಗ್ಲಿಷ್ ಎಂ.ಎ. ಓದುವಾಗಲೂ, ಅದೇ ವಿಷಯದ ಅಧ್ಯಾಪಕನಾದಾಗಲೂ ಹೇಳಲಿಲ್ಲ. ಎತ್ತಿನ ಗಾಡಿಯಲ್ಲಿ ಕಬ್ಬು ತುಂಬಿಕೊಂಡು ಮಂಡ್ಯದ ಕಾರ್ಖಾನೆಯ ಮುಂದೆ ರಾತ್ರಿಯೆಲ್ಲ ಸರದಿ ಕಾಯುತ್ತಿದ್ದ ಆ ಮನುಷ್ಯ, ಬೆಳಗಿನ ಜಾವ ಮನೆಗೆ ಬಂದು, ನಾನು ಗಟ್ಟಿಯಾಗಿ ಓದುತ್ತಿದ್ದ ಇಂಗ್ಲಿಷ್ ಪಾಠವನ್ನು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದುದು ನೆನಪಿದೆ. ನಮ್ಮ ಕಾಲದಲ್ಲಿ ಐದನೆಯ ತರಗತಿಯಿಂದ ಇಂಗ್ಲಿಷ್ ಅಕ್ಷರ ಶುರುವಾಗುತ್ತಿತ್ತು. ನನ್ನ ಉಚ್ಚಾರಣೆ ಸರಿಯೋ ತಪ್ಪೋ ಅವರಿಗೆ ತಿಳಿಯುತ್ತಿರಲಿಲ್ಲ ಎಂದುಕೊಂಡಿದ್ದೆ. ಅವರು ಕೇಳುತ್ತಿದ್ದುದು ಉಚ್ಚಾರಣೆಯನ್ನಲ್ಲ ಎಂದು ಈಗ ತೋರುತ್ತದೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಆ ದಿನ ನಾನು ಬೆಂಗಳೂರಿನಲ್ಲಿ ಮೌಲ್ಯಮಾಪನದ ಕೆಲಸದಲ್ಲಿದ್ದೆ. ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ. ಹಿಂದಿನ ರಾತ್ರಿಯೇ ಫೋನು ಬಂದಿದ್ದಾಗ, ನೂರು ಉತ್ತರಪತ್ರಿಕೆ ಉಳಿದಿವೆ, ನಾಳೆ ಸಂಜೆ ಬರುತ್ತೇನೆ ಎಂದವನು ನಾನೇ.

ಈ ಅಂಕಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಮಂಡ್ಯಕ್ಕೆ ಮರಳಿದೆ. ಮರುದಿನ ಭಾನುವಾರ. ಆರೇಳು ವರ್ಷಗಳಿಂದ ನಾವು ನಾಲ್ಕೈದು ಮಂದಿ ಭಾನುವಾರಗಳಲ್ಲಿ ಸೇರಿ ಹಳಗನ್ನಡ ಓದುತ್ತೇವೆ. ಆ ದಿನ ‘ಕವಿರಾಜಮಾರ್ಗ’ದ ಸರದಿ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನೊಳಗೆ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವೇ ಕನ್ನಡದ ತಿರುಳು ಎಂದು ಶ್ರೀವಿಜಯ ಗೆರೆ ಎಳೆಯುವ ಭಾಗವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ ಎಂದು ಇಂದಿನ ನಕ್ಷೆಯಲ್ಲಿ ಗುರುತು ಹಾಕಿ ತರಗತಿಯಲ್ಲಿ ತೋರಿಸಿದ್ದೇನೆ ಕೂಡ. ಆದರೆ ಅದನ್ನು ಒಂದು ಪರವಾನಗಿ ನಿಯಮವಾಗಿ ಓದಿದ್ದು ಅಂದೇ ಮೊದಲು. ಅಲ್ಲಿ ಏಳು ದೇಶ, ಇಲ್ಲಿ ನಾಲ್ಕು ಊರು. ಆ ಲೆಕ್ಕದಲ್ಲಿ ಕೊತ್ತತ್ತಿ ಕನ್ನಡನಾಡಿನ ಎಲ್ಲೆಯೊಳಗೆ ಇದೆ, ಅಷ್ಟೇ. ತಿರುಳಿಗೆ ಬಹುದೂರ, ಕಾವೇರಿಯ ಬೇಲಿಗೆ ಆತುಕೊಂಡಂತೆ. ಇಂಗ್ಲಿಷಿನಲ್ಲಿ ಹೊರಗಿನವನು ಎಂದು ನೊಂದುಕೊಂಡವನಿಗೆ ಒಂಬತ್ತನೆಯ ಶತಮಾನದ ಲಾಕ್ಷಣಿಕ ಕನ್ನಡದಲ್ಲಿಯೂ ಅಂಚಿನ ಜಾಗವನ್ನೇ ಕೊಟ್ಟಿದ್ದಾನೆ!

ಆದರೆ ಆ ಗ್ರಂಥ ಅಷ್ಟಕ್ಕೇ ನಿಲ್ಲುವುದಿಲ್ಲ. ದೇಸಿಗಳ ವೈವಿಧ್ಯದ ಮುಂದೆ ವಾಸುಕಿಯೂ ಸೋಲುತ್ತಾನೆಂಬ ಧಾಟಿಯ ಮಾತನ್ನೂ ಅದು ಆಡುತ್ತದೆ. ಮತ್ತೆ, ಆ ತಿರುಳಿನ ಮೇಲೆ ಹಕ್ಕು ಸಾಧಿಸಿದವರು ಯಾರು ಎಂದು ನೋಡಿದರೆ ಕುತೂಹಲಕರವಾದ ಚಿತ್ರ ಕಾಣುತ್ತದೆ. ಪಂಪನ ವಂಶಮೂಲ ವೆಂಗಿನಾಡು. ಅವನು ‘ವಿಕ್ರಮಾರ್ಜುನವಿಜಯ’ವನ್ನು ಬರೆದದ್ದು ಇಂದಿನ ತೆಲಂಗಾಣದ ವೇಮುಲವಾಡದ ಚಾಳುಕ್ಯರ ಆಶ್ರಯದಲ್ಲಿ. ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದು ಹೇಳಿಕೊಂಡವನು ಅವನೇ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನದು ಇನ್ನೂ ವಿಚಿತ್ರವಾದ ಸಾಹಸ. ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿ, ಅದಕ್ಕೆ ವೃತ್ತಿ, ವ್ಯಾಖ್ಯಾನಗಳನ್ನೂ ಸಂಸ್ಕೃತದಲ್ಲಿಯೇ ಬರೆದ. ಆಡುವ ನುಡಿಯನ್ನು ಆಡದ ನುಡಿಯ ಕನ್ನಡಿಯಲ್ಲಿ ಹಿಡಿದು ತೋರಿಸುವ ಈ ಪದ್ಧತಿ ಎರಡನೆಯ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ದಲ್ಲಿಯೇ ಇತ್ತು. ಸಂಸ್ಕೃತ ಇವರ ಮಾತೃಭಾಷೆಯೇ ಎಂದು ಯಾರೂ ಕೇಳಲಿಲ್ಲ. ಜೈನ ವಿದ್ವಾಂಸರ ಪರಂಪರೆಯಲ್ಲಿ ಪ್ರಾಕೃತ, ಸಂಸ್ಕೃತ, ಕನ್ನಡಗಳ ನಡುವೆ ಓಡಾಡುವುದು ಊರಿನ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋದಷ್ಟು ಸಹಜವಾಗಿತ್ತು. ಕಲಿತ ಭಾಷೆಯೆಂದರೆ ಎರವಲು ಭಾಷೆ ಎಂಬ ಅಂಜಿಕೆ ಇತ್ತೀಚಿನದು. ಅದನ್ನು ನಾವು ವಸಾಹತು ಕಾಲದಲ್ಲಿ ಪಡೆದುಕೊಂಡೆವು ಎಂಬುದು ನನ್ನ ಗುಮಾನಿ.

ಆ ರಾತ್ರಿ ನಮೂನೆಯಲ್ಲಿ ‘ಕನ್ನಡ’ ಎಂದು ಬರೆದು, ಮಧ್ಯವರ್ತಿಗೆ ಕೊಡದೆ, ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಳುಹಿಸಿದೆ. ಜೊತೆಗೆ ಒಂದು ಪತ್ರವನ್ನೂ ಬರೆದೆ. ಅದರಲ್ಲಿ ಪಂಪನ ಮಾತಿರಲಿಲ್ಲ. ನನ್ನ ವಿದ್ಯಾರ್ಥಿಗಳ ತಪ್ಪುಗಳ ಮಾತಿತ್ತು.

ಆ ತಪ್ಪುಗಳ ಬಗ್ಗೆ ಇಲ್ಲಿ ಒಂದಿಷ್ಟು ಹೇಳಬೇಕು. ಹದಿನಾರು ವರ್ಷಗಳಿಂದ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಿಂದ ಬರುವ ಮಕ್ಕಳ ಇಂಗ್ಲಿಷ್ ವಾಕ್ಯಗಳನ್ನು ತಿದ್ದಿದ್ದೇನೆ. ಅತಿ ಹೆಚ್ಚು ಕೆಂಪು ಶಾಯಿ ಖರ್ಚಾಗಿರುವುದು ‘ಎ’ ಮತ್ತು ‘ದಿ’ ಎಂಬ ಎರಡು ಪುಟ್ಟ ಪದಗಳ ಮೇಲೆ. ಕನ್ನಡದಲ್ಲಿ ಇವುಗಳಿಗೆ ಸಮಾನವಾದ ಪದಗಳಿಲ್ಲ. ಇಲ್ಲವೆಂದರೆ ಆ ಅರ್ಥವೇ ಇಲ್ಲವೆಂದಲ್ಲ. ‘ಹಾಲು ಕುಡಿ’ ಎನ್ನುವುದಕ್ಕೂ ‘ಹಾಲನ್ನು ಕುಡಿ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಯಾವುದೋ ಗೊತ್ತಾದ ಹಾಲು ಲೋಟದಲ್ಲಿ ಆಗಲೇ ಕಾದಿದೆ. ದ್ವಿತೀಯಾ ವಿಭಕ್ತಿಯ ಒಂದು ಪ್ರತ್ಯಯ ಇಲ್ಲಿ ‘ದಿ’ಯ ಕೆಲಸದ ಒಂದು ಭಾಗವನ್ನು ಸದ್ದಿಲ್ಲದೆ ಮಾಡುತ್ತದೆ. ಇದನ್ನು ನಾನು ಯಾವ ವ್ಯಾಕರಣದಲ್ಲಿಯೂ ಹುಡುಕಿ ತೆಗೆದದ್ದಲ್ಲ. ಮಳವಳ್ಳಿ ಕಡೆಯ ಒಬ್ಬ ಹುಡುಗಿಗೆ ಹನ್ನೊಂದನೆಯ ಸಲ ಅದೇ ತಪ್ಪನ್ನು ತಿದ್ದುತ್ತಿದ್ದಾಗ ಹೊಳೆದದ್ದು. ಅಂದು ಅವಳಿಗೆ ಅರ್ಥವಾಯಿತು. ಇಂಗ್ಲೆಂಡಿನಲ್ಲಿ ಹುಟ್ಟಿದ ಅಧ್ಯಾಪಕ ನನಗಿಂತ ಸಾವಿರ ಪಾಲು ಚೆನ್ನಾಗಿ ಇಂಗ್ಲಿಷ್ ಆಡಿಯಾನು. ಆದರೆ ಆ ಹಾಲಿನ ಲೋಟದ ಬಳಿಗೆ ಅವನು ಹೇಗೆ ಬರಬೇಕು?

ಚೀನೀ ಭಾಷೆಯಲ್ಲಿಯೂ ‘ಎ’, ‘ದಿ’ಗಳಿಲ್ಲ. ಕ್ರಿಯಾಪದಕ್ಕೆ ಕಾಲದ ಪ್ರತ್ಯಯ ಹತ್ತುವುದೂ ಇಲ್ಲ. ‘ನಿನ್ನೆ’ ಎಂದರೆ ಸಾಕು, ಕ್ರಿಯೆ ಬದಲಾಗದೆ ನಿಲ್ಲುತ್ತದೆ. ‘ಅವನು’, ‘ಅವಳು’ ಎರಡಕ್ಕೂ ಉಚ್ಚಾರಣೆ ‘ತಾ’ ಎಂದೇ. ಬರವಣಿಗೆಯಲ್ಲಿ ಮಾತ್ರ ಬೇರೆ. ಆದ್ದರಿಂದ ಅಲ್ಲಿನ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ತಾಯಿಯನ್ನು ‘ಅವನು’ ಎನ್ನುವ ತಪ್ಪನ್ನು ಮಾಡುತ್ತಾರೆ. ನಮ್ಮ ಮಕ್ಕಳು ಈ ತಪ್ಪನ್ನು ಅಷ್ಟಾಗಿ ಮಾಡುವುದಿಲ್ಲ. ಅಲ್ಲಿನ ಪದವಿಪ್ರವೇಶದ ಮಹಾಪರೀಕ್ಷೆ ‘ಗಾವ್‌ಕಾವ್’ ಪ್ರತಿವರ್ಷ ಜೂನ್ ತಿಂಗಳಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಒಟ್ಟು 750 ಅಂಕಗಳು, ಅವುಗಳಲ್ಲಿ 150 ವಿದೇಶೀ ಭಾಷೆಗೆ, ಎಂದರೆ ಬಹುಪಾಲು ಮಕ್ಕಳಿಗೆ ಇಂಗ್ಲಿಷಿಗೆ. ಇದನ್ನು ಓದಿದಾಗ ನನ್ನ ಜೇಬಿನಲ್ಲಿದ್ದ ಕಾಗದ ನೆನಪಾಯಿತು. ಆ ದೇಶದ ಯಾವುದೋ ಹಳ್ಳಿಯ ಅಟ್ಟದ ಮೇಲೆಯೂ ಇಂಥ ಮಡಿಸಿದ ಕಾಗದಗಳಿರಬೇಕು.

ವಿಶ್ವವಿದ್ಯಾಲಯದಿಂದ ಉತ್ತರ ಬರಲು ಏಳು ವಾರ ಬೇಕಾಯಿತು. ಭಾಷಾಬೋಧಕನಾಗಿ ನಿಮ್ಮನ್ನು ತೆಗೆದುಕೊಳ್ಳುವುದು ಕಷ್ಟ; ಆದರೆ ಭಾರತೀಯ ಇಂಗ್ಲಿಷ್ ಸಾಹಿತ್ಯದ ಉಪನ್ಯಾಸಕನೆಂದು ಒಂದು ವರ್ಷದ ಮಟ್ಟಿಗೆ ಪರವಾನಗಿ ಕೇಳಿ ನೋಡುತ್ತೇವೆ, ಜೊತೆಗೆ ಪ್ರಬಂಧರಚನೆಯ ಎರಡು ತರಗತಿಗಳನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಬರೆದಿದ್ದರು. ಯಾವ ಕಾದಂಬರಿಯನ್ನು ಪಾಠ ಮಾಡುವಿರಿ ಎಂಬ ಪ್ರಶ್ನೆಯೂ ಇತ್ತು. ರಾಜಾರಾವ್ ಅವರ ‘ಕಾಂತಾಪುರ’ ಎಂದು ಉತ್ತರಿಸಿದೆ. ಹಾಸನದಲ್ಲಿ ಹುಟ್ಟಿದ ಲೇಖಕ. ಕಥೆ ಹೇಳುವವಳು ಅಚ್ಚಕ್ಕನೆಂಬ ಹಳ್ಳಿಯ ಮುದುಕಿ. ಪುಸ್ತಕದ ಮುನ್ನುಡಿಯ ವಿಷಯವೇ ತನ್ನದಲ್ಲದ ಭಾಷೆಯಲ್ಲಿ ತನ್ನದನ್ನು ಹೇಳುವ ಕಷ್ಟ. ನನ್ನ ಅರ್ಜಿಯ ಆ ಖಾಲಿ ಜಾಗಕ್ಕೆ 1938ರಲ್ಲಿಯೇ ಬರೆದಿಟ್ಟ ಉತ್ತರ ಎನ್ನಬಹುದು. ನಮ್ಮ ಜಿಲ್ಲೆಗೆ ಇಂಗ್ಲಿಷ್ ಮೇಷ್ಟ್ರುಗಳ ಒಂದು ಪರಂಪರೆಯೇ ಇದೆ: ನಾಗಮಂಗಲದ ಬೆಳ್ಳೂರಿನ ಮನೆತನದ ಬಿ.ಎಂ.ಶ್ರೀ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್. ಇಬ್ಬರೂ ಜೀವನವೃತ್ತಿಗೆ ಇಂಗ್ಲಿಷ್ ಕಲಿಸಿದರು, ಅದರಿಂದ ಬಂದುದನ್ನು ಕನ್ನಡಕ್ಕೆ ಸುರಿದರು. ನಾನು ಅವರ ಸಾಲಿನವನೆಂದು ಹೇಳುವಷ್ಟು ಉದ್ಧಟನಲ್ಲ. ಆದರೂ ಸಂದರ್ಶನದಲ್ಲಿ ‘ನಿಮ್ಮಲ್ಲಿ ಇಂಗ್ಲಿಷ್ ಯಾವಾಗಿನಿಂದ’ ಎಂದು ಕೇಳಿದಾಗ ಬೆಳ್ಳೂರಿನ ಹೆಸರನ್ನು ಹೇಳಿಯೇಬಿಟ್ಟೆ.

ಯಾಂಗ್‌ಝೌ ಎಂಬ ಹೆಸರು ಮೊದಲು ನನಗೆ ಬರಿಯ ಹೆಸರಾಗಿತ್ತು. ಹುಡುಕಿ ಓದುತ್ತ ಹೋದಂತೆ ಅದು ಮಂಡ್ಯದ ನೆಂಟನಂತೆ ಕಾಣತೊಡಗಿತು. ಯಾಂಗ್‌ಟ್ಸಿ ನದಿಯನ್ನು ಮಹಾನಾಲೆ ಸಂಧಿಸುವ ಕಡೆ ಬೆಳೆದ ಊರು ಅದು. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಊರು. ಇದು ಹೊರಗಿನ ಹೋಲಿಕೆ. ಒಳಗಿನದು ಕಬ್ಬಿನದು. ತಾಂಗ್ ವಂಶದ ಚಕ್ರವರ್ತಿ ತೈಝೊಂಗ್ 647ರಲ್ಲಿ ಮಗಧಕ್ಕೆ ಜನರನ್ನು ಕಳುಹಿಸಿ ಸಕ್ಕರೆ ಕಾಯಿಸುವ ಕ್ರಮವನ್ನು ಕಲಿತು ಬರುವಂತೆ ಮಾಡಿದನೆಂದೂ, ಆಮೇಲೆ ಯಾಂಗ್‌ಝೌನಿಂದ ಕಬ್ಬನ್ನು ತರಿಸಿ ಅದರ ರಸವನ್ನು ಆ ಕ್ರಮದಲ್ಲಿ ಕಾಯಿಸಲು ಅಪ್ಪಣೆ ಕೊಟ್ಟನೆಂದೂ ತಾಂಗ್ ವಂಶದ ಇತಿಹಾಸಗ್ರಂಥ ಹೇಳುತ್ತದೆ. ಹ್ಯುಯೆನ್ ತ್ಸಾಂಗ್ ಪುಲಕೇಶಿಯ ನಾಡನ್ನು ಕಂಡು, ಹದಿನಾರು ವರ್ಷಗಳ ಪ್ರವಾಸ ಮುಗಿಸಿ 645ರಲ್ಲಿ ಮರಳಿದ ಎರಡೇ ವರ್ಷಗಳ ಮೇಲೆ ನಡೆದ ಸಂಗತಿ ಇದು. ಅವನ ಮೂಟೆಯಲ್ಲಿ ಇದ್ದುದು ಸೂತ್ರಗ್ರಂಥಗಳು. ಅದರ ಹಿಂದೆಯೇ ಆಲೆಮನೆಯೂ ಹೊರಟಿತು.

ಇದರ ಕತೆಯನ್ನು ಜೀವಮಾನವಿಡೀ ಬೆನ್ನಟ್ಟಿದವರು ಪೀಕಿಂಗ್ ವಿಶ್ವವಿದ್ಯಾಲಯದ ಜಿ ಶಿಯಾನ್‌ಲಿನ್ (1911–2009). ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಸಂಸ್ಕೃತ, ಪಾಲಿ, ತೊಖಾರಿ ಭಾಷೆಗಳನ್ನು ಕಲಿತು, ವಾಲ್ಮೀಕಿ ರಾಮಾಯಣವನ್ನು ಪೂರ್ತಿಯಾಗಿ ಚೀನೀ ಭಾಷೆಗೆ ತಂದವರು. ಸಕ್ಕರೆಯ ಇತಿಹಾಸವನ್ನೇ ದೊಡ್ಡ ಗ್ರಂಥವಾಗಿ ಬರೆದವರು. ದುನ್‌ಹುವಾಂಗ್‌ನಲ್ಲಿ ದೊರೆತ ಒಂದು ಹರಕು ಹಾಳೆಯಲ್ಲಿ ಸಕ್ಕರೆ ಮಾಡುವ ಭಾರತೀಯ ಕ್ರಮದ ವಿವರಣೆಯಿದೆ. ಅದರಲ್ಲಿ ‘ಷ-ಗೆ-ಲಿಂಗ್’ ಎಂದು ಇಂದು ಓದಿಕೊಳ್ಳುವ ಮೂರು ಅಕ್ಷರಗಳ, ಚೀನೀ ಭಾಷೆಯಲ್ಲಿ ಅರ್ಥವೇ ಇಲ್ಲದ ಒಂದು ಮಾತು ಬರುತ್ತದೆ. ಅದು ಬೇರೇನಲ್ಲ, ‘ಶರ್ಕರಾ’ ಎಂದು ಜಿ ಗುರುತಿಸಿದರು. ಅದೇ ‘ಶರ್ಕರಾ’ ಪ್ರಾಕೃತದ ‘ಸಕ್ಕರಾ’ ಆಗಿ ನಮ್ಮ ‘ಸಕ್ಕರೆ’ಯಾಗಿದೆ. ಒಂದೇ ಪದ ಒಂದು ದಿಕ್ಕಿನಲ್ಲಿ ಪ್ರಾಕೃತದ ಗಾಣದಲ್ಲಿ ನುಣ್ಣಗಾಗಿ ಮಂಡ್ಯಕ್ಕೆ ಬಂತು. ಇನ್ನೊಂದು ದಿಕ್ಕಿನಲ್ಲಿ ಮರುಭೂಮಿಯ ಗುಹೆ ಸೇರಿತು. ನಮ್ಮ ಸಕ್ಕರೆ ಕಾರ್ಖಾನೆ 1933ರದು. ಅದರ ಹಿಂದೆ ಇದ್ದ ಲೆಸ್ಲಿ ಕೋಲ್ಮನ್ ಕೆನಡಾ ದೇಶದವರು. ಆ ಏಳು ದೇಶಗಳಲ್ಲಿ ಒಂದರಿಂದ ಬಂದ ಮನುಷ್ಯ ಇಲ್ಲಿನ ರೈತರೊಡನೆ ಯಾವ ಭಾಷೆಯಲ್ಲಿ ಮಾತಾಡಿದರೋ, ಕಬ್ಬಂತೂ ಬೆಳೆಯಿತು.

ಅವ್ವನಿಗೆ ಈ ಯಾವ ಇತಿಹಾಸವನ್ನೂ ಹೇಳುವ ಧೈರ್ಯ ಬಹಳ ದಿನ ಬರಲಿಲ್ಲ. ಕೊನೆಗೆ ಆಷಾಢದ ಒಂದು ಸಂಜೆ ಜಗಲಿಯ ಮೇಲೆ ಕುಳಿತು ಹೇಳಿದೆ. ಅವಳು ಅವರೆಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ.

“ಅಲ್ಲ ಕಣ್ ಮಗಾ, ಅವ್ರಿಗೆ ಇಂಗ್ಲಿಸ್ ಏಳ್ಕೊಡಕ್ಕೆ ಕೊತ್ತತ್ತಿಯಿಂದ್ಲೇ ಜನ ಓಗ್ಬೇಕಾಯ್ತಾ?” ಎಂದಳು.

ನಿಯಮಾವಳಿಯ ಸಾರಾಂಶವನ್ನು ಇಷ್ಟು ಚೊಕ್ಕವಾಗಿ ಇನ್ನಾರೂ ನನಗೆ ಹೇಳಿರಲಿಲ್ಲ. ನಕ್ಕೆ. ಅವಳು ನಗಲಿಲ್ಲ.

“ಉಣ್ಣಕ್ಕೆ ಏನ್ ಸಿಕ್ಕದು ಅಲ್ಲಿ? ರಾಗಿ ಸಿಕ್ಕದಾ?”

“ಅಕ್ಕಿ ಸಿಗುತ್ತೆ ಅವ್ವ. ಅಲ್ಲಿಯೂ ಗದ್ದೆ ಸೀಮೆಯೇ.”

“ವರ್ಸ ಅಂದ್ರೆ ವರ್ಸನೇಯಾ? ಇಲ್ಲ ಅಲ್ಲೇ ಉಳ್ಕಂಡ್‌ಬುಡ್ತೀಯಾ?”

ಇದಕ್ಕೆ ತಟ್ಟನೆ ಉತ್ತರ ಹೇಳಬೇಕಾಗಿತ್ತು. ಆದರೆ ಆ ಕ್ಷಣದಲ್ಲಿ ನನಗೆ ನೆನಪಾದವರು ದ್ವಾರಕಾನಾಥ ಕೋಟ್ನಿಸ್. ನಮ್ಮ ಭಾಷೆಯೂ ಬೀದಿಯಲ್ಲಿ ಕೇಳಿಬರುವ ಸೊಲ್ಲಾಪುರದ ಹುಡುಗ; 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಚೀನೀ ಭಾಷೆ ಕಲಿತರು, ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು, ಯುದ್ಧದ ನಡುವೆ ಶಸ್ತ್ರಚಿಕಿತ್ಸೆ ಮಾಡುತ್ತ 1942ರ ಡಿಸೆಂಬರ್ 9ರಂದು, ಮೂವತ್ತೆರಡರ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಉಳಿದ ನಾಲ್ವರು ಮರಳಿದರು. ನಾನು ಹೋಗುತ್ತಿರುವುದು ಯುದ್ಧಕ್ಕಲ್ಲ, ಪ್ರಬಂಧ ತಿದ್ದುವುದಕ್ಕೆ. ಹೋಲಿಕೆ ಹಾಸ್ಯಾಸ್ಪದವೆಂದು ಗೊತ್ತಿದೆ. ಆದರೂ ಅವ್ವ ಕೇಳಿದ್ದು, ಹಿಂದೊಮ್ಮೆ ‘ನಾಳೆ ಸಂಜೆ ಬರುತ್ತೇನೆ’ ಎಂದವನನ್ನು. ಅದು ಇಬ್ಬರಿಗೂ ತಿಳಿದಿತ್ತು.

ಟ್ರಂಕಿನಲ್ಲಿ ಸಿಕ್ಕಿದ ಕಾಗದವನ್ನು ತೆಗೆದು ತೋರಿಸಿದೆ. ಅವ್ವನಿಗೆ ಓದು ಬರುವುದಿಲ್ಲ. ಆದರೆ ನೋಡಿದೊಡನೆ ಏನೆಂದು ತಿಳಿಯಿತು. “ಎಲ್ ಸಿಕ್ತು ಇದು? ಸುಟ್ಟಾಕ್ದೆ ಅಂದಿದ್ರಲ್ಲಾ ನಿಮ್ಮಪ್ಪ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ನೀನ್ ಇಂಗ್ಲಿಸ್ ಮೇಸ್ಟ್ರು ಆದಾಗ ಮೂರ್ ದಿನ ಯಾರತ್ರಾನೂ ಮಾತಾಡ್ನಿಲ್ಲ ಅವ್ರು. ಸಂತೋಸಕ್ಕೋ ಬ್ಯಾಸರಕ್ಕೋ ನಂಗೂ ತಿಳೀನಿಲ್ಲ” ಎಂದಳು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಅವರೆಕಾಳಿನ ಮೊರದ ಕೆಳಗೆ ಇಟ್ಟುಕೊಂಡಳು. ಆಮೇಲೆ ಅದನ್ನು ನನಗೆ ಮರಳಿ ಕೊಟ್ಟಿಲ್ಲ.

ಈಗ ದಿನಕ್ಕೆ ಒಂದು ಗಂಟೆ ಚೀನೀ ಮಾತು ಕಲಿಯುತ್ತಿದ್ದೇನೆ. ಅಲ್ಲಿ ಕಲಿಸಲು ಅದು ಅಗತ್ಯವೆಂದು ಯಾರೂ ಹೇಳಿಲ್ಲ. ನಾಲ್ವತ್ತು ದಾಟಿದ ಮೇಲೆ ಒಂದು ಭಾಷೆಯಲ್ಲಿ ಮೊದಲ ಬೆಂಚಿನ ದಡ್ಡನಾಗಿ ಕೂರುವುದು ಹೇಗಿರುತ್ತದೆಂದು ತಿಳಿದಿರಲಿ ಎಂದು. ‘ತಾಂಗ್’ ಎಂಬುದನ್ನು ಧ್ವನಿ ಏರಿಸಿ ಹೇಳಿದರೆ ಸಕ್ಕರೆ. ಎತ್ತರದ ಒಂದೇ ಮಟ್ಟದಲ್ಲಿ ಹಿಡಿದರೆ ಸಾರು. ನನ್ನ ಬಾಯಲ್ಲಿ ಎರಡೂ ಒಂದೇ ಪಾತ್ರೆಗೆ ಬೀಳುತ್ತವೆ. ಮೊಬೈಲಿನ ಪಾಠ ನನ್ನ ಉಚ್ಚಾರಣೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಮೊನ್ನೆಯದು 34. ಒಂದು ಅಂಕದಲ್ಲಿ ಹೋಯಿತು.

ಭಾನುವಾರದ ಗುಂಪು ನಾನಿಲ್ಲದೆಯೂ ನಡೆಯುತ್ತದೆ ಎಂದು ಗೆಳೆಯರು ಹೇಳುತ್ತಾರೆ. ‘ಶಬ್ದಮಣಿದರ್ಪಣ’ದ ಸಂಧಿಪ್ರಕರಣವನ್ನು ಮುಗಿಸಿ ಹೊರಡಬೇಕೆಂದು ಷರತ್ತು ಹಾಕಿದ್ದಾರೆ. ಕಾಲೇಜು ಸಂಬಳವಿಲ್ಲದ ರಜೆಯನ್ನು ಒಪ್ಪಿದೆ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಪ್ರಮಾಣಪತ್ರ ಬಂದಿದೆ. ಬರಬೇಕಾದುದು ಪರವಾನಗಿಯ ಸೂಚನಾಪತ್ರ ಒಂದೇ. ಅದು ಅಲ್ಲಿನ ಕಚೇರಿಯಲ್ಲಿ ಯಾವ ಮೇಜಿನ ಮೇಲಿದೆಯೋ; ‘ಕನ್ನಡ’ ಎಂಬ ಪದವನ್ನು ಅಲ್ಲಿನ ಗುಮಾಸ್ತ ತನ್ನ ಲಿಪಿಯಲ್ಲಿ ಹೇಗೆ ಬರೆದುಕೊಂಡಿರುವನೋ ಎಂದು ಆಗಾಗ ಯೋಚಿಸುತ್ತೇನೆ. ‘ಶರ್ಕರಾ’ ಎಂಬುದನ್ನು ಮೂರು ಅಕ್ಷರಗಳಲ್ಲಿ ಹಿಡಿದವರಿಗೆ ಇದು ಕಷ್ಟವಾಗಲಾರದು. ತರಗತಿಗಳು ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತವೆ. ಪತ್ರ ಬಾರದೆಯೂ ಹೋಗಬಹುದು.

ನಿನ್ನೆ ಊರಿಗೆ ಹೋದಾಗ ನಾಲೆಗೆ ನೀರು ಬಿಟ್ಟಿದ್ದರು. ಅವ್ವ ಬದುವಿನ ಮೇಲೆ ನಿಂತು ಕೂಲಿಯವರಿಂದ ಕಬ್ಬಿನ ಬಿತ್ತನೆ ತುಂಡುಗಳನ್ನು ಹಾಕಿಸುತ್ತಿದ್ದಳು. ಈ ವರ್ಷ ಗದ್ದೆಯನ್ನು ಗುತ್ತಿಗೆಗೆ ಕೊಡೋಣ ಎಂದು ಎರಡು ಸಲ ಹೇಳಿದ್ದೆ; ಕೇಳಿರಲಿಲ್ಲ.

“ಅನ್ನೆರಡ್ ತಿಂಗ್ಳಿಗೆ ಕಟಾವಿಗೆ ಬತ್ತದೆ” ಎಂದಳು, ನನ್ನ ಕಡೆ ನೋಡದೆ. “ಅಷ್ಟೊತ್ಗೆ ನೀನೂ ಬಂದಿರ್ತೀಯ. ಆಳು ಸಿಕ್ಕದು ಕಷ್ಟ ಆಗದೆ, ಅದ್ಕೇ ಏಳ್ದೆ.”